ಕುಟುಂಬ ನ್ಯಾಯಾಲಯದ ಆದೇಶ ಮುರಿದರೆ: ನಿಂದನೆ ಅರ್ಜಿ ಎಲ್ಲಿ, ಯಾವಾಗ, ಹೇಗೆ

ಮುಂಬೈ, ಪುಣೆಯಲ್ಲಿ ಕಾನೂನು ಓದುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಮೊದಲು ಎಡವುವುದು ಇಲ್ಲೇ. ಬಾಂದ್ರಾದ ಕುಟುಂಬ ನ್ಯಾಯಾಲಯ ಕೊಟ್ಟ ಆದೇಶವನ್ನು ಎದುರು ಪಕ್ಷ ಪಾಲಿಸಲಿಲ್ಲ, ಹಾಗಾಗಿ ನಿಂದನೆ ಅರ್ಜಿಯೂ ಅಲ್ಲೇ ಎಂದು ಬರೆದುಬಿಡುತ್ತಾರೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಕೆಳ ನ್ಯಾಯಾಲಯದ ನಿಂದನೆಗೆ ಶಿಕ್ಷೆ ಕೊಡುವುದು ಹೈಕೋರ್ಟ್. ಬಾಂದ್ರಾ, ಪುಣೆಯ ಪ್ರಕರಣಗಳು ಬಾಂಬೆ ಹೈಕೋರ್ಟಿನ ಮುಂಬೈ ಪ್ರಧಾನ ಪೀಠಕ್ಕೆ ಹೋಗುತ್ತವೆ. ಗೋವಾದವು ಪೊರ್ವೊರಿಮ್‌ನಲ್ಲಿರುವ ಗೋವಾ ಪೀಠಕ್ಕೆ.

ಸಿವಿಲ್ ನಿಂದನೆ ಎಂದರೇನು ಎಂಬುದು ಇದೇ ಕಾಯ್ದೆಯ ಸೆಕ್ಷನ್ 2(ಬಿ)ಯಲ್ಲಿದೆ: ಕೋರ್ಟಿನ ತೀರ್ಪು, ಡಿಕ್ರಿ, ನಿರ್ದೇಶನ ಅಥವಾ ಆದೇಶವನ್ನು ಬೇಕೆಂದೇ ಮೀರುವುದು, ಇಲ್ಲವೇ ಕೋರ್ಟಿಗೆ ಬರೆದುಕೊಟ್ಟ ಮುಚ್ಚಳಿಕೆಯನ್ನು ಬೇಕೆಂದೇ ಮುರಿಯುವುದು. ‘ಬೇಕೆಂದೇ’ ಎಂಬ ಆ ಒಂದು ಪದದ ಮೇಲೆ ಇಡೀ ಅರ್ಜಿ ನಿಂತಿರುತ್ತದೆ. ಕೆಲಸ ಹೋಗಿ ಕೈಯಲ್ಲಿ ಕಾಸಿಲ್ಲದವನು ಜೀವನಾಂಶ ಕಟ್ಟದಿದ್ದರೆ ಅದು ಬಾಕಿ, ನಿಂದನೆಯಲ್ಲ. ಸಂಬಳ ಬರುತ್ತಿದ್ದೂ ಕಟ್ಟದಿದ್ದರೆ ಮಾತು ಬೇರೆ.

ಆದೇಶದ ವಾಕ್ಯವನ್ನು ಹತ್ತಿರದಿಂದ ನೋಡಿ. ‘ತಂದೆಗೆ ಮಗುವನ್ನು ಸೂಕ್ತ ರೀತಿಯಲ್ಲಿ ಭೇಟಿ ಮಾಡಿಸತಕ್ಕದ್ದು’ ಎಂದಷ್ಟೇ ಇದ್ದರೆ ಯಾವ ದಿನ ಯಾರು ತಪ್ಪಿದರೆಂದು ಹೇಳಲಾಗದು. ‘ಪ್ರತಿ ತಿಂಗಳ ಮೊದಲ ಮತ್ತು ಮೂರನೇ ಶನಿವಾರ ಸಂಜೆ 4ರಿಂದ 6’ ಎಂದಿದ್ದರೆ ತಪ್ಪಿದ ಪ್ರತಿ ಶನಿವಾರವನ್ನೂ ಬೆರಳು ಮಡಚಿ ಎಣಿಸಬಹುದು. ನಿಂದನೆ ಕೇಳುವ ಕೋರ್ಟು ಆದೇಶದಲ್ಲಿ ಇಲ್ಲದ್ದನ್ನು ಸೇರಿಸಿ ಓದುವುದಿಲ್ಲ. ಆದ್ದರಿಂದ ಅಸ್ಪಷ್ಟ ಆದೇಶವಿದ್ದರೆ ಮೊದಲು ಕುಟುಂಬ ನ್ಯಾಯಾಲಯಕ್ಕೇ ಮರಳಿ ಹೋಗಿ ದಿನ, ಹೊತ್ತು, ಜಾಗ ಬರೆಸಿಕೊಳ್ಳಬೇಕು. ಸಮ್ಮತಿ ವಿಚ್ಛೇದನದ ಒಪ್ಪಂದಕ್ಕೂ ಇದೇ ಎಚ್ಚರ. ಗಂಡ ಹೆಂಡತಿ ತಮ್ಮೊಳಗೆ ಮಾಡಿಕೊಂಡ ಕರಾರು ಸಾಲದು; ಕೋರ್ಟಿಗೇ ಮುಚ್ಚಳಿಕೆ ಕೊಟ್ಟದ್ದು, ಕೋರ್ಟು ಅದನ್ನು ಸ್ವೀಕರಿಸಿದ್ದು ಆದೇಶದಲ್ಲಿ ಕಾಣಬೇಕು.

ಜೀವನಾಂಶದ ಬಾಕಿಗೆ ನೇರ ಹೈಕೋರ್ಟಿಗೆ ಓಡುವುದು ಸಾಮಾನ್ಯ ತಪ್ಪು. ನಿಂದನೆ ವಸೂಲಿಯ ದಾರಿಯಲ್ಲ; ‘ಅಮಲ್ಜಾರಿ (ಆದೇಶ ಜಾರಿಗೆ ತರಿಸುವ ಅರ್ಜಿ) ಹಾಕಿದ್ದೀರಾ?’ ಎಂಬ ಹೈಕೋರ್ಟಿನ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್ನಿನ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ನಿನ 3ನೇ ಉಪವಿಧಿಯಡಿ ವಾರಂಟ್ ಹೊರಡಿಸಿ ವಸೂಲು ಮಾಡಬಹುದು. ಆಮೇಲೂ ಉಳಿದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸಜೆ. ಹಣ ಕಟ್ಟಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಹಿಂದೂ ವಿವಾಹ ಕಾಯ್ದೆಯ ಆದೇಶಕ್ಕಾದರೆ ಜಾರಿಗೆ ಅದೇ ಕಾಯ್ದೆಯ 28ಎ ಸೆಕ್ಷನ್ ಇದೆ.

ತಡೆಯಾಜ್ಞೆ ಮುರಿದಾಗ ಇನ್ನೊಂದು ದಾರಿಯೂ ಉಂಟು. ‘ಮಗುವನ್ನು ಮುಂಬೈಯಿಂದ ಹೊರಗೆ ಕರೆದೊಯ್ಯಬಾರದು’ ಎಂದಿದ್ದರೂ ರಜೆಗೆಂದು ಉಡುಪಿಯ ಅಜ್ಜಿಮನೆಗೆ ಕರೆದೊಯ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆರ್ಡರಿನ 2ಎ ನಿಯಮದಡಿ ಕುಟುಂಬ ನ್ಯಾಯಾಲಯವೇ ಆಸ್ತಿ ಜಪ್ತಿ ಮಾಡಬಹುದು, 3 ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು. ಇದನ್ನು ಬಿಟ್ಟು ಹೈಕೋರ್ಟಿಗೆ ಹೋಗಲು ಗಟ್ಟಿ ಕಾರಣ ಬೇಕು.

ಇನ್ನು ಅರ್ಜಿ. ಆದೇಶದ ಸರ್ಟಿಫೈಡ್ ಕಾಪಿ ಮೊದಲು. ಎರಡನೆಯದು, ಆದೇಶ ಎದುರಿನವರಿಗೆ ಗೊತ್ತಿತ್ತು ಎಂಬುದಕ್ಕೆ ಆಧಾರ: ಅಂದು ಕೋರ್ಟಿನಲ್ಲಿ ಹಾಜರಿದ್ದ ದಾಖಲೆ, ಅವರ ವಕೀಲರ ಸಹಿ, ಇಲ್ಲವೇ ರಿಜಿಸ್ಟರ್ಡ್ ಅಂಚೆಯ ರಸೀದಿ. ಪಾಲಿಸಿ ಎಂದು ಒಂದು ನೋಟೀಸು ಕೊಟ್ಟು, ಕಾದು ಹೋದರೆ ‘ಬೇಕೆಂದೇ’ ಎಂಬುದು ಇನ್ನಷ್ಟು ಗಟ್ಟಿಯಾಗುತ್ತದೆ. ಮೂರನೆಯದು ಪಟ್ಟಿ: ತಾರೀಕು, ಆದೇಶದಂತೆ ಏನಾಗಬೇಕಿತ್ತು, ಏನಾಯಿತು, ಆಧಾರ ಯಾವುದು. ‘ಮಗುವಿಗೆ ಹುಷಾರಿಲ್ಲ, ಬರಬೇಡಿ’ ಎಂಬ ವಾಟ್ಸ್ಆ್ಯಪ್ ಸಂದೇಶ ಆರು ಶನಿವಾರವೂ ಬಂದಿದ್ದರೆ ಆರನ್ನೂ ಇಡಿ. ಅದಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವಂಥದ್ದು) ಬೇಕು. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಬೇಕು. ನಮ್ಮವರ ಕಡತಗಳಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಇದೇ. ಎಲ್ಲವೂ ಅಫಿಡವಿಟ್ ಮೇಲೆ. ರುಜುವಾತಿನ ಮಟ್ಟ ಕ್ರಿಮಿನಲ್ ಮೊಕದ್ದಮೆಯಷ್ಟೇ ಬಿಗಿ ಇರುವುದರಿಂದ, ‘ಯಾವಾಗಲೂ ಹೀಗೇ ಮಾಡುತ್ತಾರೆ’ ಎಂಬಂಥ ವಾಕ್ಯಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ವಾಯಿದೆ: ನಿಂದನೆ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ತಪ್ಪು ನಡೆದ ದಿನದಿಂದ ಒಂದು ವರ್ಷ. ಆ ಅವಧಿಯೊಳಗೆ ಅರ್ಜಿ ಸಲ್ಲಿಸಿದ್ದರೆ ಸಾಕು ಎಂಬುದು ಸುಪ್ರೀಂ ಕೋರ್ಟಿನ 2001ರ ಪಲ್ಲವ್ ಶೇಠ್ ತೀರ್ಪು. ಅಟಾರ್ನಿ ಜನರಲ್ ಅಥವಾ ಅಡ್ವೊಕೇಟ್ ಜನರಲ್ ಒಪ್ಪಿಗೆ ಬೇಕಿರುವುದು ಕ್ರಿಮಿನಲ್ ನಿಂದನೆಗೆ, ಇಲ್ಲಿ ಬೇಡ.

ಎದುರಿನವರು ಮೇಲ್ಮನವಿ ಹಾಕಿದ್ದೇವೆ ಎನ್ನಬಹುದು. ತಡೆ ಸಿಗದೆ ಬರೀ ಮೇಲ್ಮನವಿಯಿಂದ ಆದೇಶ ನಿಲ್ಲುವುದಿಲ್ಲ. ಮಗುವೇ ಬರಲು ಒಲ್ಲೆ ಎಂದಿತು ಎಂಬ ಜವಾಬು ಕಷ್ಟದ್ದು, ಯಾಕೆಂದರೆ ಕೆಲವೊಮ್ಮೆ ಅದು ನಿಜ. ಆಗ ಕೋರ್ಟಿನ ಆಪ್ತ ಸಮಾಲೋಚಕರ ವರದಿ ತೂಗುತ್ತದೆ. ಶಿಕ್ಷೆ ಹೆಚ್ಚೆಂದರೆ 6 ತಿಂಗಳ ಸಾದಾ ಸಜೆ, 2,000 ರೂಪಾಯಿ ದಂಡ, ಅಥವಾ ಎರಡೂ. ಮನಸಾರೆ ಕ್ಷಮೆ ಕೇಳಿದರೆ ಬಿಟ್ಟುಬಿಡಬಹುದು. ಶಿಕ್ಷೆ ಕೊಟ್ಟದ್ದು ಏಕಸದಸ್ಯ ಪೀಠವಾದರೆ 30 ದಿನದೊಳಗೆ ವಿಭಾಗೀಯ ಪೀಠಕ್ಕೆ ಮೇಲ್ಮನವಿ. ಅರ್ಜಿ ವಜಾ ಆದರೆ ಅರ್ಜಿದಾರರಿಗೆ ನಿಂದನೆ ಕಾಯ್ದೆಯ 19ನೇ ಸೆಕ್ಷನ್ ಅಡಿ ಮೇಲ್ಮನವಿಯಿಲ್ಲ, ಉಳಿಯುವುದು ಸಂವಿಧಾನದ 136ನೇ ವಿಧಿಯಡಿ ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಮಾತ್ರ.