ತಪ್ಪು ಕೇಳಿಸಿತು, ಆದರೆ ಯಾರೂ ತಿದ್ದಲಿಲ್ಲ

ಹೊಸ ಭಾಷೆಯಲ್ಲಿ ಬಾಯಿ ಬಿಟ್ಟರೆ ಎದುರಿನವರು ಹೆಜ್ಜೆಹೆಜ್ಜೆಗೂ ತಪ್ಪು ಹಿಡಿಯುತ್ತಾರೆ ಎಂಬ ಅಂಜಿಕೆ ನಮಗೆಲ್ಲ ಇದೆ. ನಿಜಕ್ಕೂ ಕಾಡುವುದು ಬೇರೆಯೇ: ಯಾರೂ ತಿದ್ದುವುದಿಲ್ಲ. ಇಂಗ್ಲಿಷ್ ಕಲಿಯುವವರು ಇಂಗ್ಲಿಷ್ ಮನೆಮಾತಿನ ಗೆಳೆಯರೊಂದಿಗೆ ಆಡಿದ ಮಾತುಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 1982ರಲ್ಲಿ ಪ್ರಕಟವಾಯಿತು. ಗೆಳೆಯರು ತಿದ್ದಿದ್ದು ನೂರು ತಪ್ಪಿಗೆ 9ಕ್ಕಿಂತಲೂ ಕಡಿಮೆ. ಹೇಳಿದ ಸಂಗತಿಯೇ ತಪ್ಪಾಗಿದ್ದರೆ ಹೆಚ್ಚಾಗಿ ಬಿಡಲಿಲ್ಲ. ವ್ಯಾಕರಣ ತಪ್ಪಿದ್ದನ್ನು ಬಹುಪಾಲು ಹಾಗೇ ಬಿಟ್ಟರು. ಅವರ ಕಿವಿ ಇದ್ದದ್ದು ವಿಷಯದ ಮೇಲೆ, ಪ್ರತ್ಯಯದ ಮೇಲಲ್ಲ.

ಇದು ಬರೀ ಸೌಜನ್ಯವೂ ಅಲ್ಲ. ಷೆಗ್ಲಾಫ್, ಜೆಫರ್ಸನ್, ಸ್ಯಾಕ್ಸ್ ಎಂಬ ಮೂವರು ಸಂಭಾಷಣೆಯ ಸಂಶೋಧಕರು 1977ರಲ್ಲೇ ತೋರಿಸಿಕೊಟ್ಟಂತೆ, ಒಂದೇ ಭಾಷೆಯವರ ನಡುವೆಯೂ ಮಾತಿನ ತಪ್ಪನ್ನು ಆಡಿದವರೇ ತಿದ್ದಿಕೊಳ್ಳಲಿ ಎಂದು ಕೇಳುವವರು ಎಡೆ ಬಿಡುತ್ತಾರೆ. ಒಂದು ಕ್ಷಣದ ಮೌನ, ಅಥವಾ "ಯಾವಾಗ ಅಂದ್ರಿ?" ಎಂಬ ಪ್ರಶ್ನೆ. ನಾವೋ, ಅವರಿಗೆ ಕೇಳಿಸಲಿಲ್ಲವೆಂದುಕೊಂಡು ಅದೇ ತಪ್ಪನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇವೆ! (ಕೆಲವೊಮ್ಮೆ ನಿಜಕ್ಕೂ ಕೇಳಿಸಿರುವುದಿಲ್ಲ, ಅದು ಬೇರೆ ಮಾತು.)

ಇನ್ನೊಂದು ಬಗೆಯ ತಿದ್ದುಪಡಿ ಉತ್ತರದೊಳಗೇ ಅಡಗಿರುತ್ತದೆ. ಕನ್ನಡ ಕಲಿಯುವವರೊಬ್ಬರು "ನಾನು ನಾಳೆ ಬಂದೆ" ಎಂದರು ಎನ್ನಿ. "ಓ, ನಾಳೆ ಬರ್ತೀರಾ? ಸರಿ ಹಾಗಾದ್ರೆ" ಎಂಬ ಉತ್ತರ ಬಂತು. ತಿದ್ದುಪಡಿ ಆಗಿಹೋಯಿತು, ಆದರೆ ಕಲಿಯುವವರ ಕಿವಿಗೆ ಬಿದ್ದದ್ದು "ಸರಿ" ಮಾತ್ರ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದ ತರಗತಿಗಳನ್ನು ಗಮನಿಸಿ ಲಿಸ್ಟರ್ ಮತ್ತು ರಾಂಟಾ ಎಂಬ ಸಂಶೋಧಕರು 1997ರಲ್ಲಿ ಬರೆದದ್ದೂ ಇದನ್ನೇ: ಶಿಕ್ಷಕರು ಕೊಟ್ಟ ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಸರಿಪಡಿಸಿ ಮರುನುಡಿದಂಥವೇ, ಮಕ್ಕಳು ಅತಿ ಕಡಿಮೆ ಸ್ಪಂದಿಸಿದ್ದೂ ಅವುಗಳಿಗೇ. ಉತ್ತರವನ್ನು ಮಕ್ಕಳ ಬಾಯಿಂದಲೇ ಹೊರಡಿಸುವ ಪ್ರಶ್ನೆಗಳು ಹೆಚ್ಚು ಫಲ ಕೊಟ್ಟವು.

ಹಾಗಾಗಿ ನಾನು ಮಾಡುವುದಿಷ್ಟು. ಎದುರಿನವರು ನನ್ನ ಮಾತನ್ನೇ ತುಸು ಬದಲಿಸಿ ಮರಳಿಸಿದರೆ, ಮುಂದಿನ ಮಾತಿಗೆ ಹಾರುವ ಮೊದಲು ಆ ಬದಲಾದ ರೂಪವನ್ನು ನಾನೂ ಒಮ್ಮೆ ಹೇಳುತ್ತೇನೆ: "ಹೌದು, ನಾಳೆ ಬರ್ತೀನಿ."

ಅವರು ಥಟ್ಟನೆ ನಮಗೆ ಗೊತ್ತಿರುವ ಭಾಷೆಗೆ ಹೊರಳಿದರೆ ಬೇಸರ ಬೇಡ. ಹೆಚ್ಚಿನ ಸಲ ಅದು ಸಹಾಯವೇ, ಅಥವಾ ಅವರಿಗೆ ಅವಸರ.

"ಎಲ್ಲ ತಪ್ಪೂ ಹೇಳಿ" ಎಂದು ಕೇಳಿಕೊಂಡರೆ ಐದು ನಿಮಿಷದಲ್ಲಿ ಇಬ್ಬರಿಗೂ ಸಾಕಾಗುತ್ತದೆ. "ಇವತ್ತು ಕ್ರಿಯಾಪದ ಮಾತ್ರ ನೋಡಿ" ಎಂದರೆ ನಡೆಯುತ್ತದೆ. ಮತ್ತೆ, "ಇದು ಯಾಕೆ ತಪ್ಪು?" ಎಂದು ಕೇಳಬೇಡಿ. ನಾಲಿಗೆಯಲ್ಲಿರುವ ನಿಯಮ ಅವರ ತಲೆಯಲ್ಲಿ ಇರಬೇಕೆಂದೇನಿಲ್ಲ, "ಹಾಗೆ ಅನ್ನಲ್ಲ, ಅಷ್ಟೇ" ಎನ್ನುತ್ತಾರೆ. "ನೀವಾದ್ರೆ ಹೇಗೆ ಹೇಳ್ತಿದ್ರಿ?" ಎಂದು ಕೇಳಿ ನೋಡಿ, ಉತ್ತರ ತಕ್ಷಣ ಸಿಗುತ್ತದೆ.