ಫ್ಯೂಸ್ ಕಾಯುವುದು ವಯರನ್ನು, ಸ್ಟೀರಿಯೊವನ್ನಲ್ಲ

ಕಾರಿನ ಸ್ಟೀರಿಯೊವನ್ನು ತಾವೇ ಜೋಡಿಸಿಕೊಳ್ಳುವವರು ಈಗ ಹೆಚ್ಚಾಗಿದ್ದಾರೆ. ಜೋಡಿಸಿಕೊಳ್ಳಲಿ, ಅದೇನೂ ಬ್ರಹ್ಮವಿದ್ಯೆಯಲ್ಲ. ಆದರೆ ನಮ್ಮ ಕೈಗೆ ರಿಪೇರಿಗೆ ಬರುವ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟೀರಿಯೊ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಅದಕ್ಕೆ ಕರೆಂಟ್ ಕೊಡುವ ವಯರಿಂಗ್.

ಸೆಟ್ಟಿನ ಹಿಂದೆ ಹಳದಿ, ಕೆಂಪು, ಕಪ್ಪು ವಯರುಗಳಿರುತ್ತವೆ. ಕಪ್ಪು ಅರ್ಥಿಂಗ್‌ಗೆ, ಅಂದರೆ ಕಾರಿನ ಲೋಹದ ಬಾಡಿಗೆ. ಹಳದಿಗೆ ಬ್ಯಾಟರಿಯ 12 ವೋಲ್ಟ್ ಸದಾ ಸಿಗಬೇಕು; ಗಡಿಯಾರ, ಉಳಿಸಿಟ್ಟ ಸ್ಟೇಷನ್‌ಗಳು ಅಳಿಯದೆ ಇರುವುದು ಅದರಿಂದ, ಸೆಟ್ ಎಳೆಯುವ ಮುಖ್ಯ ಕರೆಂಟೂ ಅದರಲ್ಲೇ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಕೆಲವರು ಇವೆರಡನ್ನೂ ಹೊಸೆದು ನೇರ ಬ್ಯಾಟರಿ ಲೈನಿಗೆ ಕಟ್ಟಿಬಿಡುತ್ತಾರೆ. ಹಾಡು ಬರುತ್ತದೆ, ಖುಷಿಯಾಗುತ್ತದೆ. ಆದರೆ ಕಾರು ನಿಂತ ಮೇಲೂ ಸೆಟ್ ಪೂರ್ತಿ ಮಲಗುವುದಿಲ್ಲ. ಅರ್ಧ ಆಂಪಿಯರ್ ಎಳೆಯುತ್ತಿದ್ದರೂ ದಿನಕ್ಕೆ 12 ಆಂಪಿಯರ್ ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು) ಖಾಲಿ. 35 ಆಂಪಿಯರ್ ಅವರ್ ಬ್ಯಾಟರಿ ಇರುವ ಸಣ್ಣ ಕಾರು ಎರಡು ದಿನ ನಿಂತರೆ ಮೂರನೆಯ ಬೆಳಿಗ್ಗೆ ಸ್ಟಾರ್ಟ್ ಆಗುವುದು ಅನುಮಾನ.

ಈ ಬಣ್ಣಗಳು ಸ್ಟೀರಿಯೊದವು ಎಂಬುದು ನೆನಪಿರಲಿ. ಕಾರಿನ ಕಡೆಯ ವಯರುಗಳ ಬಣ್ಣ ಒಂದೊಂದು ಕಂಪನಿಯಲ್ಲಿ ಒಂದೊಂದು ತರಹ. ಕೆಲವು ಕಾರುಗಳ ಕಪ್ಲರ್‌ನಲ್ಲಿ (ವಯರುಗಳನ್ನು ಒಟ್ಟಿಗೆ ಸೇರಿಸುವ ಪ್ಲಗ್) ಹಳದಿ, ಕೆಂಪಿನ ಸ್ಥಾನ ಅದಲುಬದಲಾಗಿರುವುದೂ ಉಂಟು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು, ಕೀ ಆಫ್ ಇದ್ದಾಗ ಯಾವುದರಲ್ಲಿ 12 ವೋಲ್ಟ್ ಇದೆ, ಆನ್ ಮಾಡಿದಾಗ ಯಾವುದರಲ್ಲಿ ಬಂತು ಎಂದು ನೋಡಿಯೇ ಸೇರಿಸಬೇಕು. ಕಾರಿನ ಮೂಲ ವಯರನ್ನು ಕತ್ತರಿಸುವ ಬದಲು ನಿಮ್ಮ ಮಾಡೆಲ್‌ಗೆ ಒಪ್ಪುವ ಕಪ್ಲರ್ ಕೊಳ್ಳಿ.

ನನಗೆ ನಿಜಕ್ಕೂ ಭಯವಾಗುವುದು ಸದ್ದು ಹೆಚ್ಚಿಸಲು ಪ್ರತ್ಯೇಕ ಆಂಪ್ಲಿಫೈಯರ್ ಇಡುವವರನ್ನು ಕಂಡಾಗ. ಬ್ಯಾಟರಿಯಿಂದ ಡಿಕ್ಕಿಯವರೆಗೆ ಐದು ಮೀಟರ್ ವಯರ್ ಎಳೆದು, ಫ್ಯೂಸನ್ನು ಆಂಪ್ಲಿಫೈಯರ್ ಪಕ್ಕದಲ್ಲಿ ಹಾಕಿರುತ್ತಾರೆ. ಫ್ಯೂಸ್ ಬೇಕಾದದ್ದು ಆ ವಯರಿಗೆ. ಎಂಜಿನ್ ಹಿಂದಿನ ತಗಡಿನ ತೂತಿನಲ್ಲಿ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಇಲ್ಲದೆ ತೂರಿಸಿದ ವಯರು ಕಾರು ಅದುರಿದಂತೆಲ್ಲ ಅಂಚಿಗೆ ಉಜ್ಜಿ, ಒಂದು ದಿನ ತಾಮ್ರ ತಗಡಿಗೆ ತಗಲುತ್ತದೆ. ಸ್ಟಾರ್ಟರ್ ಮೋಟಾರಿಗೆ ನೂರಾರು ಆಂಪಿಯರ್ ಕೊಡುವ ಬ್ಯಾಟರಿ ಅಷ್ಟನ್ನೂ ಆ ಜಾಗಕ್ಕೆ ಸುರಿಯುತ್ತದೆ. ಡಿಕ್ಕಿಯಲ್ಲಿರುವ ಫ್ಯೂಸಿಗೆ ಇದರ ಸುಳಿವೇ ಸಿಗುವುದಿಲ್ಲ. ವಯರಿನ ಪ್ಲಾಸ್ಟಿಕ್ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಬೇಕು, ಅದರ ರೇಟಿಂಗ್ ವಯರು ತಾಳುವ ಮಿತಿಯನ್ನು ಮೀರಬಾರದು. ಸುಟ್ಟ ಫ್ಯೂಸಿಗೆ ಬೆಳ್ಳಿ ಕಾಗದ ಸುತ್ತುವುದನ್ನು ದಯವಿಟ್ಟು ಯಾರೂ ಮಾಡಬೇಡಿ.

ವಯರಿನ ದಪ್ಪದಲ್ಲೂ ಕಂಜೂಸಿತನ ಬೇಡ. 60 ಆಂಪಿಯರ್ ಎಳೆಯುವಾಗ 8 ಚದರ ಮಿಲಿಮೀಟರಿನ ಐದು ಮೀಟರ್ ತಾಮ್ರದಲ್ಲಿ ಸುಮಾರು 0.65 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 20 ಚದರ ಮಿಲಿಮೀಟರಿನಲ್ಲಿ 0.26. ಅಗ್ಗದ ಕಿಟ್‌ಗಳ ವಯರು ಎಷ್ಟೋ ಸಲ ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಕೆಂಪು ಹೋಗಿ ಒಳಗಿನ ಬಿಳುಪು ಕಾಣುತ್ತದೆ. ಅದರಲ್ಲಿ ನಷ್ಟ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ವಯರು ಸೇರುವ ಕೀಲುಗಳನ್ನು ಕರಿ ಟೇಪಿಗೆ ಬಿಡದೆ ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿಟ್ಟು ಒತ್ತಿ ಬಿಗಿದು) ಸ್ಲೀವ್ ಹಾಕಿ. ಏಪ್ರಿಲ್ ಬಿಸಿಲಿಗೆ ಡ್ಯಾಶ್‌ಬೋರ್ಡ್ ಒಳಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಕೆಲಸ ಶುರುಮಾಡುವಾಗ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕೊನೆಯಲ್ಲಿ ಸೇರಿಸಿ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗಲಿದರೂ ಆಗ ಕಿಡಿ ಹಾರುವುದಿಲ್ಲ. ಅರ್ಥಿಂಗ್ ಕೊಡುವ ಜಾಗದ ಪೇಂಟನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಲಗ್ (ವಯರಿನ ತುದಿಯ ಲೋಹದ ಬಳೆ) ಬಿಗಿದು, ಮೇಲೆ ಗ್ರೀಸ್ ಸವರಿ. ಅರ್ಥಿಂಗ್‌ಗೆಂದು ಸೀಟ್ ಬೆಲ್ಟ್ ಬೋಲ್ಟಿನ ತಂಟೆಗೆ ಹೋಗಬೇಡಿ. ಆಮೇಲೆ ಎಂಜಿನ್ ಓಡುತ್ತಿರುವಾಗ ಹಾಡು ಜೋರಾಗಿ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಆಂಪ್ಲಿಫೈಯರಿನ ನೆಗೆಟಿವ್‌ಗೂ ಹಿಡಿಯಿರಿ. ಅರ್ಧ ವೋಲ್ಟ್ ತೋರಿಸಿದರೆ ಲಗ್ ಬಿಚ್ಚಿ ಮತ್ತೆ ಕೆರೆಯಬೇಕು.