ಒಂಟಿ ಸಾಕ್ಸಿನ ಲೆಕ್ಕ

ಆರಿದ್ರಾ ಮಳೆ ಹಿಡಿಯಿತು ಅಂದರೆ ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಸಾಕ್ಸ್ ಹುಡುಕಾಟ ಶುರು. ಶಾಲೆಯ ವ್ಯಾನ್ ಬರುವ ಹೊತ್ತಿಗೆ ಮಗಳ ಕೈಯಲ್ಲಿ ಒಂದೇ ಸಾಕ್ಸ್ ಇರುತ್ತದೆ. ಹೋದ ಭಾನುವಾರ ಕಪಾಟನ್ನೆಲ್ಲ ಬರಿದು ಮಾಡಿ ಎಣಿಸಿದೆ. ವರ್ಷದ ಹಿಂದೆ ಬೇರೆ ಬೇರೆ ಬಣ್ಣದ ಹತ್ತು ಜೋಡಿ ಇದ್ದವು. ಈಗ ನಾಲ್ಕು ಜೋಡಿ, ಜೊತೆಗೆ ಆರು ಒಂಟಿ.

ಕಳೆದದ್ದು ಬರೀ ಆರು. ಆದರೆ ಹಾಕಿಕೊಳ್ಳಲು ಬಾರದಂತಾದದ್ದು ಹನ್ನೆರಡು. ಹೀಗೇಕೆ?

ಇಪ್ಪತ್ತರಲ್ಲಿ ಒಂದು ಕಳೆಯಿತು ಅಂದುಕೊಳ್ಳಿ. ಉಳಿದದ್ದು ಹತ್ತೊಂಬತ್ತು. ಅದರಲ್ಲಿ ಕಳೆದದ್ದರ ಜೊತೆಗಾರ ಒಂದೇ ಒಂದು. ಮುಂದಿನ ಸಲ ಅದೇ ಕಳೆಯುವ ಸಂಭವ 19ರಲ್ಲಿ 1. ಉಳಿದ ಹದಿನೆಂಟರಲ್ಲಿ ಯಾವುದು ಹೋದರೂ ಇನ್ನೊಂದು ಜೋಡಿ ಮುರಿಯುತ್ತದೆ. ಆರು ಕಳೆಯುವಷ್ಟರಲ್ಲಿ ಸರಿಯಾಗಿ ಮೂರು ಜೋಡಿಯೇ ಹೋಗಿ, ಏಳು ಜೋಡಿ ಹಾಗೇ ಉಳಿಯುವ ಸಂಭವ 323ರಲ್ಲಿ 1 ಮಾತ್ರ. ನಮ್ಮ ಮನೆಯಲ್ಲಿ ಆದಂತೆ ಆರಕ್ಕೆ ಆರೂ ಒಂಟಿ ಉಳಿಯುವುದು ಅದಕ್ಕಿಂತ 112 ಪಟ್ಟು ಜಾಸ್ತಿ. ಬ್ರಿಟನ್ನಿನ ರಾಬರ್ಟ್ ಮ್ಯಾಥ್ಯೂಸ್ 1996ರಲ್ಲಿ ಒಂಟಿ ಸಾಕ್ಸಿನ ಗಣಿತದ ಬಗ್ಗೆಯೇ ಒಂದು ಪ್ರಬಂಧ ಬರೆದರು. ಇಷ್ಟು ಸಣ್ಣ ವಿಷಯಕ್ಕೂ ಗಣಿತ ಹೀಗೆ ಉತ್ತರ ಕೊಡುತ್ತದಲ್ಲ, ನನಗೆ ಅದು ತುಂಬಾ ಇಷ್ಟ.

ಸರಿ, ಕಳೆಯುವುದಾದರೂ ಎಲ್ಲಿ? ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷಿನ್‌ನಲ್ಲಿ ಬಾಗಿಲಿಗೆ ರಬ್ಬರ್ ಪಟ್ಟಿ ಇರುತ್ತದಲ್ವಾ, ಅದರ ಮಡಿಕೆಯೊಳಗೆ ಮೊದಲು ಕೈಹಾಕಿ. ಕೆಲವೊಮ್ಮೆ ಸಾಕ್ಸ್ ಅಲ್ಲಿಂದ ಡ್ರಮ್ಮಿನ ಆಚೆಗೂ ಜಾರುತ್ತದೆ. ಡ್ರಮ್ಮಿನ ಮೇಲ್ಭಾಗವನ್ನೂ ತಡವಿ. ನಿಮಿಷಕ್ಕೆ 1000 ಸುತ್ತು ತಿರುಗುವಾಗ ಬಟ್ಟೆಯನ್ನು ಗೋಡೆಗೆ ಒತ್ತುವ ಬಲ ಅದರ ತೂಕದ 250 ಪಟ್ಟಿಗೂ ಜಾಸ್ತಿ. ಹಗುರಾದ ಸಾಕ್ಸ್ ಅಲ್ಲೇ ಕಚ್ಚಿಕೊಂಡಿರುತ್ತದೆ. ದಿಂಬಿನ ಕವರ್, ತುಂಬು ತೋಳಿನ ಶರ್ಟ್ ಕೂಡ ಸಾಕ್ಸ್ ನುಂಗುತ್ತವೆ.

ಬಿಸಿಗಾಳಿಯ ಡ್ರೈಯರ್ ಬಳಸುವ ದೇಶಗಳಲ್ಲಿ ಸ್ಥಿರ ವಿದ್ಯುತ್ತೂ ಒಂದು ಕಾರಣ. ಒಣಗಿದ ಬಟ್ಟೆಗಳು ಉಜ್ಜಿಕೊಂಡು ಒಂದಕ್ಕೊಂದು ಅಂಟುತ್ತವೆ. ಮಲೆನಾಡಿನ ಮಳೆಗಾಲಕ್ಕೆ ಈ ಮಾತು ಹೊಂದುವುದಿಲ್ಲ. ತೇವದ ಗಾಳಿಯಲ್ಲಿ ಆ ವಿದ್ಯುತ್ತು ಬಟ್ಟೆಯ ಮೇಲೆ ನಿಲ್ಲುವುದೇ ಇಲ್ಲ.

ನಮ್ಮ ಕಡೆ ಸಾಕ್ಸ್ ಕಳೆಯುವುದು ಹೆಚ್ಚಾಗಿ ಒಣಗಿಸುವಾಗ ಅಂತ ನನ್ನ ಅನಿಸಿಕೆ. ಒಣಗುವುದು ಅಂದರೆ ನೀರಿನ ಕಣಗಳು ಬಟ್ಟೆ ಬಿಟ್ಟು ಗಾಳಿಗೆ ಸೇರುವುದು. ಗಾಳಿಯಲ್ಲಿ ಆಗಲೇ ಆವಿ ತುಂಬಿದ್ದರೆ, ಹೋದಷ್ಟೇ ಕಣಗಳು ವಾಪಸ್ ಬಂದು ಕೂರುತ್ತವೆ. ಮೂರು ದಿನ ತಂತಿಯ ಮೇಲಿದ್ದರೂ ಸಾಕ್ಸ್ ಹಸಿಯೇ, ಮುಗ್ಗಲು ವಾಸನೆ ಬೇರೆ. ಹಾಗಾಗಿ ಬೆಚ್ಚಗಿನ ಜಾಗ ಹುಡುಕುತ್ತೇವೆ. ಒಂದು ಸಾಕ್ಸ್ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹೋಗುತ್ತದೆ. ಅದರ ಜೊತೆಗಾರ ಫ್ರಿಜ್ಜಿನ ಹಿಂದಕ್ಕೋ ಫ್ಯಾನ್ ಕೆಳಗಿನ ಕುರ್ಚಿಯ ಬೆನ್ನಿಗೋ ಹೋಗುತ್ತದೆ. ಸೀರೆ ಜಾರಿ ಬಿದ್ದರೆ ಕಣ್ಣಿಗೆ ಬೀಳುತ್ತದೆ. ಸಾಕ್ಸ್ ಸೌದೆಯ ಸಂದಿಗೆ ಬಿದ್ದರೆ ಯಾರು ನೋಡುತ್ತಾರೆ?

ಮಗಳ ಶನಿವಾರದ ಬಿಳಿ ಸಾಕ್ಸ್ ನನಗೆ ದಾರಿ ತೋರಿಸಿತು. ಅವೆಲ್ಲ ಒಂದೇ ಥರ, ಒಂದೇ ಅಳತೆ. ಅಂಥ ಇಪ್ಪತ್ತರಲ್ಲಿ ಯಾವ ಆರು ಕಳೆದರೂ ಉಳಿಯುವುದು ಏಳು ಜೋಡಿಯೇ. ಹಾಗಾಗಿ ಎಂ.ಜಿ. ರಸ್ತೆಗೆ ಹೋದಾಗ ನನಗೂ ಒಂದೇ ಬಣ್ಣದ ಹತ್ತು ಜೋಡಿ ತಂದೆ. ಹೂವಿನ ಚಿತ್ರದ ಎರಡು ಜೋಡಿಯನ್ನು ಮಾತ್ರ ಮಗಳು ಬಿಡಲೊಲ್ಲಳು. ಅವಕ್ಕೆ ಬಿಚ್ಚಿದ ಕೂಡಲೇ ಪಿನ್ನು ಹಾಕಿ ಜೋಡಿ ಮಾಡುತ್ತೇನೆ. ಒಗೆಯುವುದೂ ಹಾಗೇ, ಒಣಹಾಕುವುದೂ ಹಾಗೇ.